ಮೂಗು ಮೇಸ್ತ್ರಿಯ ಕೊನೆಯ ಗಾಡಿ

ನನ್ನದು ಗಾಡಿಗಳ ಬಿಡಿಭಾಗ ಮಾರುವ ಅಂಗಡಿ. ರಸ್ತೆ ದಾಟಿದರೆ ಎದುರಿಗೇ ಮೂಗು ಮೇಸ್ತ್ರಿಯ ಗ್ಯಾರೇಜು ಇತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕುಡಿದು ಕರ್ರಗಾದ ನೆಲ, ಗಾಡಿಯ ಅಡಿಗೆ ಇಳಿದು ಕೆಲಸ ಮಾಡಲು ಒಂದು ಗುಂಡಿ, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನೇತುಬಿದ್ದ ಸ್ಪ್ಯಾನರುಗಳು. ಅಷ್ಟೇ. ಬೋರ್ಡು ಕೂಡ ಇರಲಿಲ್ಲ. ‘ಮೂಗು ಮೇಸ್ತ್ರಿ ಗ್ಯಾರೇಜು ಎಲ್ಲಿ’ ಅಂದರೆ ಯಾರು ಬೇಕಾದರೂ ಕೈ ತೋರಿಸುತ್ತಿದ್ದರು.

ಆ ಹೆಸರು ಬಂದದ್ದು ಮೂಗು ಉದ್ದವಾಗಿತ್ತು ಅಂತಲ್ಲ. ಗಾಡಿ ಬಂದರೆ ಉಳಿದವರು ಮೊದಲು ಬಾನೆಟ್ ಎತ್ತುತ್ತಾರೆ, ಇವರು ಮೊದಲು ಮೂಸುತ್ತಿದ್ದರು. ಸೈಲೆನ್ಸರ್ ಹತ್ತಿರ ಒಂದು ಸಲ, ರೇಡಿಯೇಟರ್ ಬಾಯಿಯ ಹತ್ತಿರ ಒಂದು ಸಲ, ಆಯಿಲ್ ನೋಡುವ ಕಡ್ಡಿ ಎಳೆದು ಒಂದು ಸಲ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು, ರೋಗ ಇಂಥದ್ದು ಅಂತ ಹೇಳಿಬಿಡುತ್ತಿದ್ದರು. ಒಮ್ಮೆ ಒಬ್ಬ ಗುತ್ತಿಗೆದಾರ ಹೊಸ ಕಾರು ತಂದು, ‘ನಿನ್ನೆ ತಾನೇ ಸರ್ವೀಸ್ ಆಗಿದೆ, ಸುಮ್ಮನೆ ಒಂದು ಸಲ ನೋಡಿ’ ಅಂತ ಜಂಬ ಕೊಚ್ಚಿಕೊಂಡ. ಮೇಸ್ತ್ರಿ ಬಗ್ಗಿ ಎದ್ದು, ‘ಸರ್ವೀಸ್ ಆಗಿರಬಹುದು ಸಾರ್, ಆದ್ರೆ ಒಳಗೆ ಇಲಿ ಸತ್ತಿದೆ’ ಅಂದರು. ಆತನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಕೂಗಾಡಿದ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಬಾಲದ ಸಮೇತ ಇಲಿ! ಅವತ್ತು ನಮ್ಮ ಬೀದಿಯವರೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆಸಾಮಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ಮೇಸ್ತ್ರಿಗೆ ಒಂದು ಜ್ವರ ಬಂತು. ದೊಡ್ಡ ಜ್ವರವೇನಲ್ಲ. ಮಲಗಿದರು, ಬೆವರಿದರು, ಎದ್ದರು. ಮತ್ತೆ ಕೆಲಸಕ್ಕೆ ಬಂದ ದಿನ ಪೆಟ್ರೋಲ್ ಡಬ್ಬಿಯ ಮುಚ್ಚಳ ತೆಗೆದವರು, ಇದಕ್ಕೆ ಯಾರೋ ನೀರು ತುಂಬಿಸಿದ್ದಾರೆ ಅಂದುಕೊಂಡರಂತೆ. ಅಂಗೈಗೆ ಒಂದಿಷ್ಟು ಸುರಿದುಕೊಂಡರು. ಚಳ್ ಅಂತ ತಣ್ಣಗಾಗಿ ಆರಿಹೋಯಿತು. ಪೆಟ್ರೋಲೇ. ಮೂಗಿಗೆ ಮಾತ್ರ ಏನೂ ಬರಲಿಲ್ಲ.

ಜ್ವರದ ಜೊತೆ ಬಂದ ನೆಗಡಿ ಹೋದರೆ ಸರಿಹೋಗುತ್ತೆ ಅಂತ ಕಾದರು. ನೆಗಡಿ ಹೋಯಿತು, ವಾಸನೆ ಬರಲಿಲ್ಲ. ಡಾಕ್ಟರ ಹತ್ತಿರ ಗುಟ್ಟಾಗಿ ಹೋಗಿಬಂದರು. ‘ಬಂದರೆ ಬರಬಹುದು, ಬರದೆಯೂ ಇರಬಹುದು’ ಅಂದರಂತೆ ಡಾಕ್ಟರು. ಮೇಸ್ತ್ರಿ ಇದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ. ಒಂದು ದಿನ ಆಕೆ ಹಾಲು ಒಲೆಯ ಮೇಲಿಟ್ಟು, ‘ರೀ, ಸ್ವಲ್ಪ ನೋಡ್ಕೊಳ್ಳಿ’ ಅಂತ ಮಹಡಿಗೆ ಬಟ್ಟೆ ತರಲು ಹೋದರು. ಇವರು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಹಾಲು ಉಕ್ಕಿ, ಇಂಗಿ, ತಳ ಹತ್ತಿ, ಪಾತ್ರೆ ಕರಕಲಾಗಿ ಪಕ್ಕದ ಮನೆಯವರು ಓಡಿಬಂದರೂ ಇವರು ಪೇಪರಿನಿಂದ ತಲೆ ಎತ್ತಿರಲಿಲ್ಲ. ‘ಮೂಗನ್ನ ಗ್ಯಾರೇಜಲ್ಲೇ ಬಿಟ್ಟು ಬಂದ್ರಾ?’ ಅಂತ ಹೆಂಡತಿ ರೇಗಿದರು. ಇವರೂ ನಕ್ಕುಬಿಟ್ಟರು. ಆಕೆ ಅದನ್ನೇ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡು ನಕ್ಕರು, ನಾನೂ ನಕ್ಕೆ.

ಗ್ಯಾರೇಜಿನಲ್ಲಿ ಮಾತ್ರ ಅವರು ಮೂಸುವುದನ್ನು ಬಿಡಲಿಲ್ಲ. ಮೊದಲಿನ ಹಾಗೇ ಬಗ್ಗುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಏಳುತ್ತಿದ್ದರು. ಆಮೇಲೆ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ, ಕೈಯಿಂದ ಮುಟ್ಟಿ ಹೇಗೋ ಕಂಡುಹಿಡಿಯುತ್ತಿದ್ದರು. ನಲವತ್ತಕ್ಕೂ ಹೆಚ್ಚು ವರ್ಷದ ಅನುಭವ. ಬಹಳಷ್ಟು ಗಾಡಿಗಳಿಗೆ ಅಷ್ಟೇ ಸಾಕಾಗುತ್ತಿತ್ತು.

ಅವರಿಗೊಬ್ಬಳು ತಂಗಿ. ಮದುವೆ ಬೇಡ ಅಂದವಳು, ಗಾಡಿ ಬೇಕು ಅಂದವಳು. ಅಣ್ಣನೇ ಅವಳಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದು. ಒಂದು ಹಳೇ ವ್ಯಾನ್ ಕೊಂಡು, ಮೂತ್ರಪಿಂಡ ಕೆಟ್ಟವರನ್ನು ಮನೆಮನೆಯಿಂದ ಕರೆದುಕೊಂಡು ಡಯಾಲಿಸಿಸ್‌ಗೆ ಆಸ್ಪತ್ರೆಗೆ ಬಿಡುವುದು, ಮುಗಿದ ಮೇಲೆ ವಾಪಸ್ ಮನೆಗೆ ತಲುಪಿಸುವುದು ಅವಳ ಕೆಲಸ. ಅವರನ್ನು ಅವಳು ರೋಗಿಗಳು ಅನ್ನುತ್ತಿರಲಿಲ್ಲ, ‘ನಮ್ಮ ಮನೆಯವರು’ ಅನ್ನುತ್ತಿದ್ದಳು. ಅವರಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಯಾವಾಗಲೂ ಮುಂದಿನ ಸೀಟು ಅವರದೇ. ದಾರಿಯುದ್ದಕ್ಕೂ ಕಿಟಕಿಯ ಆಚೆ ಕಂಡದ್ದಕ್ಕೆಲ್ಲ ಬಣ್ಣದ ಹೆಸರು ಹೇಳುತ್ತಾ ಹೋಗುವವರು. ‘ಆ ಗೋಡೆ ನೋಡಮ್ಮ, ಬಳಿದವನಿಗೆ ಹಳದಿಯ ಮೇಲೆ ಏನೋ ಹಳೇ ದ್ವೇಷ ಇದೆ’ ಅನ್ನುವವರು. ವ್ಯಾನಿಗೆ ನೀರು ಹಾಕಿಸಲು ಅವಳು ನನ್ನ ಅಂಗಡಿಯ ಮುಂದೆ ನಿಲ್ಲಿಸಿದಾಗೆಲ್ಲ ನನ್ನ ಬೋರ್ಡಿನ ಅಕ್ಷರಗಳನ್ನೂ ಅವರು ಟೀಕೆ ಮಾಡಿದ್ದುಂಟು.

ಒಂದು ದಿನ ಆ ವ್ಯಾನ್ ಹಬೆ ಉಗುಳುತ್ತಾ ಗ್ಯಾರೇಜಿಗೆ ಬಂತು. ಆಯಿಲ್ ಮುಚ್ಚಳ ತೆಗೆದರೆ ಒಳಗೆಲ್ಲ ಹಾಲು ಬೆರೆಸಿದ ಚಹಾದ ಬಣ್ಣ. ಆಯಿಲ್‌ಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನಲು ಮೂಗೇನೂ ಬೇಕಿರಲಿಲ್ಲ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಕೂರುವ ತೆಳ್ಳನೆಯ ಹಾಳೆ ಅದು. ಅದು ಸುಟ್ಟರೆ ನೀರು, ಎಣ್ಣೆ, ಬೆಂಕಿ ಒಂದರ ಮನೆಗೆ ಒಂದು ನುಗ್ಗುತ್ತವೆ. ಮೇಸ್ತ್ರಿ ಹೆಡ್ ಇಳಿಸಿದರು. ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ತೂರುತ್ತದೆಯೇ ಅಂತ ನೋಡಿದರು. ಸಮತಟ್ಟಾಗಿತ್ತು. ನನ್ನ ಅಂಗಡಿಯಿಂದ ಹೊಸ ಗ್ಯಾಸ್ಕೆಟ್ ತರಿಸಿ ಕೂರಿಸಿದರು.

‘ಲೇತ್ ಅಂಗಡಿಗೆ ಕಳಿಸಲ್ವಾ? ಬಿರುಕು ಗಿರುಕು ಇದ್ದರೆ ಒತ್ತಡ ಕೊಟ್ಟು ನೋಡ್ತಾರಲ್ಲ’ ಅಂತ ನಾನು ಕೇಳಿದ್ದೆ.

‘ಬೆಳಿಗ್ಗೆ ಅವಳಿಗೆ ಗಾಡಿ ಬೇಕು. ಸ್ಟಾರ್ಟ್ ಮಾಡಿ ನೋಡ್ತೀನಿ, ಇದ್ದರೆ ಗೊತ್ತಾಗುತ್ತೆ’ ಅಂದರು.

ಅದು ಅವರ ಹಳೇ ಕ್ರಮ. ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ಬಾಯಿಗೆ ಮೂಗು ಹಿಡಿಯುವುದು. ಹೆಡ್ಡಿನಲ್ಲಿ ಬಿರುಕಿದ್ದರೆ ಒಳಗಿನ ಹೊಗೆ ನೀರಿಗೆ ಸೇರಿ ಅಲ್ಲಿ ಕಮಟು ಹೊಡೆಯುತ್ತದೆ. ಅಷ್ಟು ವರ್ಷದಲ್ಲಿ ಆ ಪರೀಕ್ಷೆ ಒಂದು ಸಲವೂ ಅವರಿಗೆ ಕೈ ಕೊಟ್ಟಿರಲಿಲ್ಲ. ಅವತ್ತೂ ಬಗ್ಗಿದರು. ಏನೂ ಬರಲಿಲ್ಲ. ಎದ್ದು, ‘ಸರಿ ಇದೆ, ತಗೊಂಡು ಹೋಗು’ ಅಂತ ತಂಗಿಗೆ ಹೇಳಿದರು. ‘ಏನೂ ಇಲ್ಲ ಅಂತ ಮೂಗು ಹೇಳಿತೋ, ಮೂಗೇ ಇಲ್ಲವೋ, ಆ ಕ್ಷಣಕ್ಕೆ ಮರೆತೇಹೋಯ್ತು ಕಣಯ್ಯಾ’ ಅಂತ ಬಹಳ ದಿನ ಕಳೆದ ಮೇಲೆ ನನ್ನ ಹತ್ತಿರ ಅಂದರು.

ಸ್ವಲ್ಪ ದಿನ ವ್ಯಾನ್ ಚೆನ್ನಾಗಿ ಓಡಿತು. ಆಮೇಲೆ ಏರುದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೆದ್ದಿತು. ಒಳಗೆ ಗಾಳಿ ಸಿಕ್ಕಿಕೊಂಡಿರಬೇಕು ಅಂತ ಮೇಸ್ತ್ರಿ ಗಾಡಿಯ ಮೂತಿ ಎತ್ತರಿಸಿ ನಿಲ್ಲಿಸಿ, ಮುಚ್ಚಳ ತೆಗೆದಿಟ್ಟು, ಗುಳ್ಳೆ ಬರುವುದು ನಿಲ್ಲುವ ತನಕ ಎಂಜಿನ್ ಓಡಿಸಿದರು. ಹೊಸದಾಗಿ ನೀರು ತುಂಬಿದ ಯಾವ ಗಾಡಿಯಲ್ಲೂ ಗುಳ್ಳೆ ಬರುತ್ತದೆ, ಇದರಲ್ಲೂ ಬಂತು. ಅವಳು ಗಾಡಿ ತೆಗೆದುಕೊಂಡು ಹೋದಳು, ಮತ್ತೆ ಬಂದಳು. ಈ ಸಲ, ಬಿಸಿಯಾದಾಗ ತೆರೆದು ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ, ಕುದಿಯುವ ನೀರಿಗೆ ಹಾಕಿ ನೋಡಿದರು. ತಡವಾಗಿ ತೆರೆಯಿತು. ಸಿಕ್ಕಿತು ಕಳ್ಳ ಅಂತ ಖುಷಿಪಟ್ಟು ಹೊಸದು ಹಾಕಿದರು. ಮತ್ತೆ ಬಂದಳು. ರೇಡಿಯೇಟರ್ ಬಿಚ್ಚಿ ತೊಳೆಸಿದ್ದಾಯಿತು. ಮುಚ್ಚಳ ಬದಲಾಯಿಸಿದ್ದಾಯಿತು. ಫ್ಯಾನ್ ಬೆಲ್ಟ್ ಬಿಗಿ ಮಾಡಿದ್ದಾಯಿತು. ನನಗೇನೋ ವ್ಯಾಪಾರ. ಆದರೆ ಅವರ ಮುಖ ನೋಡಿದರೆ ಒಂದೊಂದು ಸಾಮಾನು ಕೊಡುವಾಗಲೂ ಕೈ ಹಿಂಜರಿಯುತ್ತಿತ್ತು.

ನೀರು ಕಡಿಮೆಯಾಗುತ್ತಲೇ ಇತ್ತು, ನೆಲದ ಮೇಲೆ ಮಾತ್ರ ಒಂದು ಹನಿ ಇಲ್ಲ. ಗಾಡಿಯ ಅಡಿಗೆ ರಟ್ಟು ಹಾಸಿಟ್ಟು ನೋಡಿದರು. ಒಣ ರಟ್ಟು ಒಣದಾಗೇ ಇತ್ತು.

‘ಹೋಗುತ್ತೆ ಅಂದರೆ ಎಲ್ಲಿಗೆ ಹೋಗುತ್ತೆ ಅಣ್ಣಾ?’ ಅಂತ ತಂಗಿ ಕೇಳಿದಳು.

‘ಅದನ್ನೇ ನೋಡ್ತಾ ಇದೀನಲ್ಲ’ ಅಂದರು ಮೇಸ್ತ್ರಿ. ದನಿ ಗಡಸಾಗಿತ್ತು. ಅವಳ ಮೇಲೆ ಅವರು ದನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬೆಳಗಿನ ಹೊತ್ತು ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತು ನಿಜ. ಆದರೆ ಆ ಚಳಿಯಲ್ಲಿ ಬೀದಿಯ ಎಲ್ಲ ಗಾಡಿಗಳೂ ಬಿಳಿ ಹೊಗೆಯನ್ನೇ ಬಿಡುತ್ತಿದ್ದವು. ‘ಮೂಸಿ ನೋಡಿದ್ರಾ?’ ಅಂತ ನಾನು ಕೇಳಿದೆ. ‘ನೋಡಿದೆ, ಏನಿಲ್ಲ’ ಅಂದರು. ಮೂಗು ಮೇಸ್ತ್ರಿ ಏನಿಲ್ಲ ಅಂದ ಮೇಲೆ ಇನ್ನೇನಿರುತ್ತದೆ?

ವ್ಯಾನ್ ಕೊನೆಗೆ ನಿಂತದ್ದು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ದೊಡ್ಡ ಸೇತುವೆಯ ನಟ್ಟನಡುವೆ. ಹಿಂದೆ ಮುಂದೆ ಗಾಡಿಗಳ ಸಾಲು, ಪಕ್ಕಕ್ಕೆ ಸರಿಸಲು ಜಾಗವಿಲ್ಲ, ಬಾನೆಟ್ಟಿನಿಂದ ಹಬೆ. ಅವಳು ಕೆಳಗಿಳಿದು ಕಂಡಕಂಡವರಿಗೆ ಕೈ ಅಡ್ಡ ಹಾಕಿದಳು. ಯಾರದೋ ಸಾಮಾನಿನ ಗಾಡಿಯಲ್ಲಿ ಇಬ್ಬರನ್ನು, ಇನ್ನಾರದೋ ಕಾರಿನಲ್ಲಿ ಒಬ್ಬರನ್ನು ಕಳಿಸಿದಳು. ‘ಅವರು ಮೊದಲು ಹೋಗಲಿ, ನನಗೆ ಇಲ್ಲಿಂದ ನದಿ ಚೆನ್ನಾಗಿ ಕಾಣ್ತಿದೆ’ ಅಂತ ಡ್ರಾಯಿಂಗ್ ಮೇಷ್ಟ್ರು ಹಟ ಹಿಡಿದು ಕೊನೆಗೆ ಉಳಿದರು. ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಯಂತ್ರಕ್ಕೆ ಮುಂದಿನ ಸರದಿಯವರು ಕೂತಾಗಿತ್ತು. ನಾಳೆ ಬೆಳಿಗ್ಗೆ ಮೊದಲಿಗೇ ಬನ್ನಿ ಅಂದರು ಆಸ್ಪತ್ರೆಯವರು. ತಂಗಿ ಬೇರೆ ಗಾಡಿ ಹಿಡಿದು ಅವರನ್ನು ಮನೆಗೆ ತಲುಪಿಸಿದಳು. ಬೆಳಗಾಗುವಷ್ಟರಲ್ಲಿ ಮೇಷ್ಟ್ರಿಗೆ ಉಸಿರು ಸಿಕ್ಕದಾಯಿತು. ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಮಧ್ಯಾಹ್ನಕ್ಕೆ ತೀರಿಕೊಂಡರು. ಹೃದಯ ಮೊದಲಿನಿಂದಲೂ ದುರ್ಬಲವಾಗಿತ್ತು, ಯಾವಾಗ ಬೇಕಾದರೂ ಹೀಗಾಗಬಹುದಿತ್ತು ಅಂದರು ಡಾಕ್ಟರು. ಯಾರೂ ಯಾರನ್ನೂ ದೂರಲಿಲ್ಲ.

ಮಣ್ಣು ಮುಗಿದ ಮೇಲೆ ತಂಗಿ ವ್ಯಾನನ್ನು ಎಳೆಸಿಕೊಂಡು ಗ್ಯಾರೇಜಿಗೆ ಬಂದಳು. ನಾನು ಹೊಸ ವಾಟರ್ ಪಂಪಿನ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಮೇಸ್ತ್ರಿಯ ಅನುಮಾನ ಈಗ ಪಂಪಿನ ಮೇಲಿತ್ತು. ಅವಳು ಒಂದು ಖಾಲಿ ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

‘ಏನಾಗಿದೆ ಅಂತ ಗೊತ್ತಾಗೋ ತನಕ ಇವತ್ತು ನಾನು ಇಲ್ಲಿಂದ ಏಳಲ್ಲ’ ಅಂದಳು.

ಮೇಸ್ತ್ರಿ ನೀರು ತುಂಬಿ ಸ್ಟಾರ್ಟ್ ಮಾಡಿದರು. ಎಂಜಿನ್ ಬಿಸಿಯಾಗುತ್ತಾ ಬಂತು. ಹಿಂದಿನಿಂದ ಬಿಳಿ ಹೊಗೆ ಸುತ್ತಿಕೊಂಡು ಮಾಡಿನ ಕೆಳಗೆ ತುಂಬಿತು. ನನ್ನ ಮೂಗು ಹುಟ್ಟಿದಾಗಿನಿಂದ ಅರ್ಧ ಕಟ್ಟಿರುವಂಥದ್ದು, ನನಗೇನೂ ತಿಳಿಯಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ಸುಮ್ಮನೆ ಮಾತಿಗೆ ಅನ್ನುವ ಹಾಗೆ ಅಂದಳು:

‘ಈ ಸಿಹಿ ವಾಸನೆ ಬಂದರೆ ಈಗ ಮೇಷ್ಟ್ರೇ ನೆನಪಾಗ್ತಾರೆ. ದಿನಾ ತಮಾಷೆ ಮಾಡೋರು. ಏನಮ್ಮ, ನಿನ್ನ ಗಾಡಿ ಮಿಠಾಯಿ ಅಂಗಡಿ ಥರ ಘಮ್ ಅನ್ನುತ್ತೆ, ನನಗೋ ಸಿಹಿ ತಿನ್ನಬೇಡ ಅಂದಿದಾರೆ ಅಂತ.’

ಮೇಸ್ತ್ರಿ ಬಾನೆಟ್ ಮೇಲೆ ಬಗ್ಗಿದ್ದವರು ಹಾಗೇ ನಿಂತುಬಿಟ್ಟರು.

‘ಯಾವ ಸಿಹಿ ವಾಸನೆ?’

‘ಇದೇ ಅಣ್ಣಾ, ಈಗ ಬರ್ತಿದೆಯಲ್ಲ. ಸಕ್ಕರೆ ಪಾಕ ತಳ ಹತ್ತಿದ ಹಾಗೆ.’

‘ಯಾವಾಗಿಂದ ಬರ್ತಿದೆ?’

‘ನೀನು ಗ್ಯಾಸ್ಕೆಟ್ ಹಾಕಿ ಕೊಟ್ಟೆಯಲ್ಲ, ಅದಾದ ಮೇಲೆ ಬಿಸಿಯಾದಾಗೆಲ್ಲ.’ ಅವಳು ಅಣ್ಣನ ಮುಖ ನೋಡಿದಳು. ‘ಯಾಕೆ? ನೀನು ಪ್ರತಿ ಸಲವೂ ಸೈಲೆನ್ಸರಿಗೆ ಮೂಗಿಟ್ಟು ನೋಡ್ತಿದ್ದೆ. ನಿನಗೆ ಗೊತ್ತೇ ಇರುತ್ತೆ ಅಂದ್ಕೊಂಡಿದ್ದೆ.’

ಮೇಸ್ತ್ರಿ ಎಂಜಿನ್ ನಿಲ್ಲಿಸಿದರು. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟ್ ಉರಿದರೆ ಸಿಹಿ ವಾಸನೆ ಬರುತ್ತದೆ. ಕಾಣೆಯಾದ ನೀರು ಎಂಜಿನ್ನಿನ ಒಳಗೇ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಅಂದರೆ ಹೆಡ್ಡಿನಲ್ಲೇ ಬಿರುಕು. ಅದೂ ಬಿಸಿಯಾದರೆ ಮಾತ್ರ ಬಾಯಿ ಬಿಡುವ ಬಿರುಕು. ಅದಕ್ಕೇ ತಣ್ಣಗಿದ್ದಾಗ ಎಷ್ಟು ನೋಡಿದರೂ ಏನೂ ಸಿಕ್ಕಿರಲಿಲ್ಲ. ಇಷ್ಟು ಅವರು ನಮಗೆ ಹೇಳಿದರು, ಪಾಠ ಒಪ್ಪಿಸುವವರ ಹಾಗೆ, ಯಾರ ಮುಖವನ್ನೂ ನೋಡದೆ. ಆಮೇಲೆ ಕೈಯಲ್ಲಿದ್ದ ಚಿಂದಿಬಟ್ಟೆ ಮಡಿಸುತ್ತಾ ಅಂದರು:

‘ನನಗೆ ವಾಸನೆ ಬರಲ್ಲಮ್ಮ. ಆ ಜ್ವರ ಬಂದಿತ್ತಲ್ಲ, ಅವತ್ತಿಂದ ಇಲ್ಲ.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೂಗಾಡುತ್ತಾಳೆ ಅಂದುಕೊಂಡೆ. ಕೂಗಲಿಲ್ಲ. ಡ್ರಮ್ಮಿನಿಂದ ಎದ್ದು ನಿಂತಳು, ಮತ್ತೆ ಕೂತಳು.

‘ಹೇಳಿದ್ದರೆ ಏನಾಗ್ತಿತ್ತು?’ ಅಂದಳು. ‘ನಾನಿರಲಿಲ್ವಾ? ನನ್ನ ಮೂಗಿತ್ತಲ್ಲ ಅಣ್ಣಾ. ವಾಸನೆ ಬರುತ್ತಾ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.’

ನಾನು ಪಂಪಿನ ಡಬ್ಬಿ ಹಿಡಿದುಕೊಂಡು ರಸ್ತೆ ದಾಟಿ ಬಂದುಬಿಟ್ಟೆ. ಅಲ್ಲಿ ನಿಲ್ಲುವುದು ಸರಿಯಲ್ಲ ಅನಿಸಿತು.

ಹೆಡ್ಡನ್ನು ಲೇತ್ ಅಂಗಡಿಗೆ ಹೊತ್ತುಕೊಂಡು ಹೋದರು. ಅಲ್ಲಿನ ಯಜಮಾನ ಮೇಸ್ತ್ರಿಯ ಹಳೇ ಸ್ನೇಹಿತ. ಅದರ ತೂತುಗಳನ್ನೆಲ್ಲ ತಟ್ಟೆ ಹಾಕಿ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಎರಡು ವಾಲ್ವ್‌ಗಳ ನಡುವಿನಿಂದ ಸಣ್ಣ ಗುಳ್ಳೆಗಳ ಒಂದು ದಾರ ಎದ್ದಿತು. ಕೂದಲೆಳೆಯಷ್ಟೇ ಬಿರುಕು. ‘ಇಷ್ಟು ದಿನ ನಿನ್ನ ಮೂಗಿಗೆ ಇದು ಸಿಗಲಿಲ್ವಲ್ಲಯ್ಯಾ, ಆಶ್ಚರ್ಯ’ ಅಂತ ಆತ ನಕ್ಕ. ಮೇಸ್ತ್ರಿ ಅವನಿಗೂ ಹೇಳಿದರು. ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲರಿಗೂ ಹೇಳತೊಡಗಿದರು. ಬೇರೆ ಹೆಡ್ ಹುಡುಕಿ ತಂದು, ಎರಡು ಸಲ ಒತ್ತಡ ಕೊಟ್ಟು ನೋಡಿ, ತಾವೇ ಕೂರಿಸಿದರು. ಮುಳ್ಳು ಎಲ್ಲಿರಬೇಕೋ ಅಲ್ಲಿ ನಿಂತಿತು. ತಂಗಿ ಕೀಲಿ ಇಸಿದುಕೊಂಡು, ‘ಬರ್ತೀನಿ’ ಅಂತಲೂ ಅನ್ನದೆ ಗಾಡಿ ತೆಗೆದಳು.

ಆಮೇಲೆ ಮೇಸ್ತ್ರಿ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋದರು. ಬೇಡ ಅಂತ ಹೆಂಡತಿ ಹೇಳಿದರು, ನಾನೂ ಹೇಳಿದೆ. ಕೇಳಲಿಲ್ಲ. ಒಬ್ಬರೇ ಹೋಗುವ ಧೈರ್ಯ ಇರಲಿಲ್ಲವೋ ಏನೋ, ನನ್ನನ್ನು ಜೊತೆಗೆ ಕರೆದರು. ಸಣ್ಣ ಮನೆ. ಹಜಾರದ ಒಂದು ಗೋಡೆಯ ತುಂಬ ಮೇಷ್ಟ್ರು ಬರೆದ ಚಿತ್ರಗಳು, ಕಿಟಕಿಯ ಕಟ್ಟೆಯ ಮೇಲೆ ಬಣ್ಣ ಒಣಗಿ ಗಟ್ಟಿಯಾದ ಕುಂಚಗಳ ಡಬ್ಬಿ. ಮೇಷ್ಟ್ರ ಹೆಂಡತಿ ನಮ್ಮನ್ನು ಕೂರಿಸಿ ನೀರು ಕೊಟ್ಟರು. ವ್ಯಾನಿನವಳ ಅಣ್ಣ ಅಂತ ತಿಳಿದ ಮೇಲೆ, ‘ನಿಮ್ಮ ತಂಗಿ ಚಿನ್ನದಂಥವಳು, ಸ್ವಂತ ಮಗಳೂ ಅಷ್ಟು ನೋಡಿಕೊಳ್ಳಲ್ಲ’ ಅಂದರು.

ಮೇಸ್ತ್ರಿ ಎಲ್ಲವನ್ನೂ ಹೇಳಿದರು. ಜ್ವರ, ಮೂಗು, ಬಿರುಕು, ಸೇತುವೆ. ಆಕೆ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಪಕ್ಕದ ಮನೆಯ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

‘ಇದನ್ನ ನನಗ್ಯಾಕೆ ಹೇಳಿದ್ರಿ?’ ಅಂದರು ಕೊನೆಗೆ. ‘ಅವರ ಆಯಸ್ಸು ಅಷ್ಟೇ ಇತ್ತು ಅಂತ ಹೇಗೋ ಸಮಾಧಾನ ಮಾಡ್ಕೊಂಡಿದ್ದೆ. ಈಗ ಗಾಡಿ ಅಂತ ಅಂದ್ಕೊಳ್ಳಬೇಕು. ನಿಮ್ಮ ಮನಸ್ಸು ಹಗುರ ಆಗಿರಬಹುದು. ನಾನು ಎಲ್ಲಿ ಇಳಿಸಲಿ?’

ಮೇಸ್ತ್ರಿ ಎದ್ದು ಕೈ ಮುಗಿದರು. ಆಕೆ ತಲೆ ಎತ್ತಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ ಅವರು ಎರಡು ಸಲ ನಿಂತರು. ಆಯಾಸ ಅಂದರು. ಹಗುರವಾದವರ ನಡಿಗೆ ಅದಾಗಿರಲಿಲ್ಲ.

ಅದಾದ ಮೇಲೆ ಗ್ಯಾರೇಜಿಗೆ ಬರುವವರು ಕಡಿಮೆಯಾದರು. ಬಂದವರನ್ನು ಮೇಸ್ತ್ರಿ ಮೊದಲಿಗೇ, ‘ಗಾಡಿಯಲ್ಲಿ ಏನಾದ್ರೂ ವಾಸನೆ ಬರುತ್ತಾ? ಸುಟ್ಟ ವಾಸನೆ, ಸಿಹಿ ವಾಸನೆ, ಕೊಳೆತ ವಾಸನೆ?’ ಅಂತ ಕೇಳುತ್ತಿದ್ದರು. ಜನಕ್ಕೆ ವಾಸನೆಯನ್ನು ಹೇಳಲು ಬರುವುದಿಲ್ಲ. ‘ಏನೋ ಒಂಥರಾ’ ಅನ್ನುತ್ತಾರೆ. ಅಷ್ಟಕ್ಕೆ ಮೇಸ್ತ್ರಿಗೆ ನಂಬಿಕೆ ಸಾಲದೆ, ಸಣ್ಣ ಕೆಲಸಕ್ಕೂ ಅರ್ಧ ಎಂಜಿನ್ ಬಿಚ್ಚಿ ನೋಡುವ ಅಭ್ಯಾಸ ಬಿತ್ತು. ಸಂಜೆಗೆ ಸಿಗಬೇಕಾದ ಗಾಡಿ ವಾರವಾದರೂ ಸಿಗದಂತಾಯಿತು. ಬಿಗಿ ಮಾಡಿದ ಬೋಲ್ಟನ್ನು ಸಡಿಲಿಸಿ ಮತ್ತೆ ಬಿಗಿ ಮಾಡುವುದನ್ನು ನಾನು ಈ ಕಡೆಯಿಂದ ನೋಡುತ್ತಿದ್ದೆ. ಬೇಸಿಗೆ ಮುಗಿಯುವ ಮೊದಲೇ ಅವರು ಗ್ಯಾರೇಜು ಮುಚ್ಚಿದರು. ಅಲ್ಲೀಗ ಗಾಜು ಮಾರುವವರಿದ್ದಾರೆ. ಗುಂಡಿಗೆ ಮಣ್ಣು ತುಂಬಿಸಿ ಮೇಲೆ ಟೈಲ್ಸ್ ಹಾಕಿಸಿದ್ದಾರೆ.

ಮೇಸ್ತ್ರಿ ಲೇತ್ ಅಂಗಡಿಯ ಸ್ನೇಹಿತನ ಹತ್ತಿರ ಕೆಲಸಕ್ಕೆ ಸೇರಿದರು. ಹೆಡ್‌ಗಳ ಮೈ ಸಮ ಮಾಡುವುದು, ವಾಲ್ವ್ ಕೂರುವ ಜಾಗ ಉಜ್ಜುವುದು. ಕಣ್ಣು, ಕೈ ಸಾಕಾಗುವ ಕೆಲಸ. ಮೂಗಿಗೆ ವಾಸನೆ ಇನ್ನೂ ಬಂದಿಲ್ಲ. ಊಟ ಬರೀ ಬಿಸಿ, ತಣ್ಣಗೆ, ಉಪ್ಪು, ಖಾರ ಅಷ್ಟೇ ಅನ್ನುತ್ತಾರೆ. ಹೆಸರು ಮಾತ್ರ ಹೋಗಲಿಲ್ಲ. ಲೇತ್ ಅಂಗಡಿಗೆ ಬರುವ ಹೊಸಬರೂ ಯಾಕೆ ಏನು ಅಂತ ತಿಳಿಯದೆ ಮೂಗು ಮೇಸ್ತ್ರಿ ಅಂತಲೇ ಕರೆಯುತ್ತಾರೆ. ಅವರು ಓಗೊಡುತ್ತಾರೆ.

ತಂಗಿ ಜಗಳವನ್ನೇನೂ ಮಾಡಲಿಲ್ಲ. ರಜೆಯ ದಿನ ಮೊದಲಿನ ಹಾಗೇ ಅಣ್ಣನ ಮನೆಗೆ ಬರುತ್ತಾಳೆ, ಅತ್ತಿಗೆಯ ಜೊತೆ ಹರಟುತ್ತಾಳೆ, ಊಟ ಮಾಡುತ್ತಾಳೆ, ಅಣ್ಣನ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದಿದ್ದರೆ ತಂದುಕೊಡುತ್ತಾಳೆ. ವ್ಯಾನನ್ನು ಮಾತ್ರ ಆಸ್ಪತ್ರೆಯ ಹತ್ತಿರದ ಬೇರೊಂದು ಗ್ಯಾರೇಜಿಗೆ ಬಿಡುತ್ತಾಳೆ. ಒಂದು ಭಾನುವಾರ ನಾನೂ ಅಲ್ಲಿ ಊಟಕ್ಕಿದ್ದೆ. ಮಾತಿನ ನಡುವೆ ಮೇಸ್ತ್ರಿ ಬಹಳ ಹುಷಾರಾಗಿ, ಬೇರೆ ಯಾರದೋ ಗಾಡಿಯ ವಿಷಯ ಕೇಳುವವರಂತೆ, ‘ಹೇಗಿದೆ ಗಾಡಿ?’ ಅಂತ ಕೇಳಿದರು.

‘ಓಡ್ತಿದೆ’ ಅಂದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಮಹಡಿಯ ಮೇಲೆ ಒಣಗಲು ಹಾಕಿದ ಬಟ್ಟೆ ತಂದಾಯಿತಾ, ಮೋಡ ಆಗ್ತಿದೆ ಅಂತ ಕೇಳಿದಳು.